ವುಡ್‌ಬ್ರಿಡ್ಜಿನ ಅಟ್ಟದಿಂದ ಇಳಿದ ಧರ್ಮಶಾಸ್ತ್ರ

ವೀರಬಸಮ್ಮ ಧಾರವಾಡ ಬಿಟ್ಟು ಅಮೆರಿಕದ ವುಡ್‌ಬ್ರಿಡ್ಜಿಗೆ ಬಂದಿಳಿದದ್ದು ೧೯೬೯ರ ಚಳಿಗಾಲದಲ್ಲಿ. ಗಂಡ ಶರಣಬಸಪ್ಪ ಬಣ್ಣದ ಕಾರ್ಖಾನೆಯೊಂದರಲ್ಲಿ ಕೆಮಿಕಲ್ ಎಂಜಿನಿಯರ್. ಅವನು ಬೆಳಗ್ಗೆ ಕಾರು ತೆಗೆದುಕೊಂಡು ಹೋದನೆಂದರೆ ಸಂಜೆಯವರೆಗೆ ಇವಳಿಗೆ ಕಿಟಕಿಯೇ ಗತಿ. ಪಕ್ಕದ ಮನೆಯ ಡಾಟಿ ಅದನ್ನು ನೋಡಿ ನೋಡಿ, ಒಂದು ದಿನ ತಾನಾಗಿಯೇ ಬಂದು ಬಾಗಿಲು ತಟ್ಟಿದಳು. ಐವತ್ತು ದಾಟಿದ ಹೆಂಗಸು, ಮಕ್ಕಳಿಲ್ಲ, ದೊಡ್ಡ ದನಿ. ವೀರಬಸಮ್ಮ ಎನ್ನುವುದು ನಾಲಿಗೆಗೆ ಹೊರಳದೆ ‘ವೀರಾ’ ಎಂದು ಮೊಟಕು ಮಾಡಿಕೊಂಡಳು. ಹಿಮದಲ್ಲಿ ಚಪ್ಪಲಿ ಹಾಕಿ ನಡೆಯುತ್ತಿದ್ದವಳಿಗೆ ಬೂಟು ಕೊಡಿಸಿದವಳು, ಡ್ರೈವ್ ಮಾಡುವುದನ್ನು ಕಲಿಸಿದವಳು, ಹೆರಿಗೆ ನೋವು ಬಂದಾಗ ಆಸ್ಪತ್ರೆಗೆ ಕರೆದೊಯ್ದವಳು ಅವಳೇ. ತವರುಮನಿ ಬಾಜೂಕೇ ಬಂತು ಎಂದು ವೀರಬಸಮ್ಮ ಗಂಡನ ಮುಂದೆ ಹೇಳಿಕೊಂಡು ಹಿಗ್ಗುತ್ತಿದ್ದಳು.

ಧಾರವಾಡದಲ್ಲಿ ಅವಳ ಅಪ್ಪನದು ಪುಸ್ತಕ ಕಟ್ಟುವ ಅಂಗಡಿ. ಸೂಜಿ, ಮೇಣ ಹಚ್ಚಿದ ದಾರ, ಅಂಟಿನ ಸರಿ ಕಾಯಿಸುವ ಡಬರಿ, ಇವುಗಳ ನಡುವೆಯೇ ಬೆಳೆದವಳು. ಇಲ್ಲಿ ಹುಟ್ಟಿದ ಮಗಳು ಸ್ವಲ್ಪ ದೊಡ್ಡವಳಾದ ಮೇಲೆ ಅವಳಿಗೆ ಮನೆ ಹತ್ತಿರದ ಕಾಲೇಜಿನ ಲೈಬ್ರರಿಯಲ್ಲಿ ಹರಿದ ಪುಸ್ತಕ ರಿಪೇರಿ ಮಾಡುವ ಕೆಲಸ ಸಿಕ್ಕಿತು. ಅಮೆರಿಕ ಆಗ ಅವಳಿಗೆ ಸ್ವಲ್ಪ ಸ್ವಂತದ್ದು ಅನ್ನಿಸತೊಡಗಿತು.

ಡಾಟಿಯ ಗಂಡ ಜೋ ತೀರಿಕೊಂಡದ್ದು ೧೯೭೨ರಲ್ಲಿ. ಮರುವರ್ಷ ಅವಳು ಮನೆ ಖಾಲಿ ಮಾಡಿ ಫ್ಲೋರಿಡಾದಲ್ಲಿರುವ ತಂಗಿಯ ಹತ್ತಿರ ಹೋಗುವ ಯೋಚನೆಯಲ್ಲಿ ಅಟ್ಟದ ಸಾಮಾನು ಇಳಿಸತೊಡಗಿದಳು. ಹಾಗೆ ಇಳಿದದ್ದು ಆ ಪುಸ್ತಕ. ಸೈನಿಕನಾಗಿದ್ದ ಜೋ ಎರಡನೇ ಮಹಾಯುದ್ಧ ಮುಗಿದಾಗ ಜರ್ಮನಿಯಿಂದ ತಂದದ್ದಂತೆ. ಮರದ ಹಲಗೆಯ ರಟ್ಟು, ಮೇಲೆ ಕಂದು ಚರ್ಮ. ಒಳಗಿನ ಹಾಳೆಗಳೂ ಕಾಗದವಲ್ಲ, ಹದ ಮಾಡಿದ ತೊಗಲು. ನಡುವೆ ದಪ್ಪಕ್ಷರದ ಮೂಲ, ಸುತ್ತಲೂ ಇರುವೆ ಸಾಲಿನಂಥ ಟೀಕೆ. ವೀರಬಸಮ್ಮ ಹೊಲಿಗೆಯ ಮೇಲೆ ಬೆರಳಾಡಿಸಿ ನೋಡಿದಳು. ಇಂಥದ್ದನ್ನು ಅವಳ ಅಪ್ಪನೂ ಕಂಡಿರಲಾರ.

ಲೈಬ್ರರಿಯಲ್ಲಿ ಕೆರಿಗನ್ ಎಂಬುವವರಿದ್ದರು. ಹಿಂದೆ ಪಾದ್ರಿಯಾಗಿದ್ದು, ಅದನ್ನು ಬಿಟ್ಟು ಮದುವೆಯಾದವರು, ಲ್ಯಾಟಿನ್ ಓದಬಲ್ಲವರು. ಇಬ್ಬರೂ ಹೆಂಗಸರು ಪುಸ್ತಕವನ್ನು ಅವರ ಮುಂದೆ ಇಟ್ಟರು. ಇದು ಚರ್ಚಿನ ಧರ್ಮಶಾಸ್ತ್ರ, ಐನೂರು ವರ್ಷದ್ದಿರಬೇಕು ಎಂದರು ಕೆರಿಗನ್. ಸಾಕ್ಷಿ ಹೇಳುವವನು ಹೇಗೆ ಪ್ರಮಾಣ ಮಾಡಬೇಕು, ಎಷ್ಟು ಹತ್ತಿರದ ನೆಂಟರು ಮದುವೆಯಾಗಬಾರದು, ಎಲ್ಲ ಇದೆ ಅಂದರು. ನಮ್ಮಲ್ಲಿ ಮದುವೆಗೆ ಬೆಡಗು, ಅಂದರೆ ಗೋತ್ರ, ನೋಡಿದ ಹಾಗೇ ಆಯಿತು ಎಂದು ವೀರಬಸಮ್ಮ ನಕ್ಕಳು. ಕೊನೆಯ ಹಾಳೆಯಲ್ಲಿ ಒಂದರ ಕೆಳಗೊಂದು ಬೇರೆ ಬೇರೆ ಕೈಬರಹ. ಅದನ್ನೂ ಕೆರಿಗನ್ ಓದಿ ಹೇಳಿದರು: ಪುಸ್ತಕ ಬರೆದವನು ಮಠವೊಂದರ ಸನ್ಯಾಸಿ. ಮಠಕ್ಕೆ ಬಡತನ ಬಂದಾಗ ಅದನ್ನು ಒಬ್ಬ ಪಾದ್ರಿ ಕೊಂಡ. ಅವನ ತಂಗಿಯ ಮಗ ಊರಿನ ಚರ್ಚಿಗೆ ದಾನ ಕೊಟ್ಟ. ಎಲ್ಲಕ್ಕೂ ಕೆಳಗೆ ಆ ಚರ್ಚಿನ ದುಂಡು ಮುದ್ರೆ. ಚರ್ಚು ಅದನ್ನು ಯಾರಿಗಾದರೂ ಮಾರಿದ, ಕೊಟ್ಟ ಬರಹ ಮುಂದೆ ಇರಲಿಲ್ಲ.

ಡಾಟಿ ಮ್ಯಾನ್‌ಹಟನ್ನಿನ ಹಳೆ ಪುಸ್ತಕದ ವ್ಯಾಪಾರಿಯೊಬ್ಬನನ್ನು ಕರೆಸಿದಳು. ಅವನು ಮೆಚ್ಚಿ ನೋಡಿ, ಕೊನೆಯ ಹಾಳೆ ಇಲ್ಲದಿದ್ದರೆ ಕೊಳ್ಳುವವರು ಪ್ರಶ್ನೆ ಕೇಳುವುದಿಲ್ಲ ಎಂದು ಮೆಲ್ಲಗೆ ಹೇಳಿಹೋದ. ಡಾಟಿ ಪುಸ್ತಕವನ್ನು ವೀರಬಸಮ್ಮನ ಕೈಗಿತ್ತಳು. “ಒಂದೇ ಒಂದು ಹಾಳೆ, ವೀರಾ. ನಿನ್ನ ಕೈಯಲ್ಲಾದರೆ ಗುರುತೂ ಉಳಿಯುವುದಿಲ್ಲ.”

ಇಲ್ಲವೆನ್ನಲು ಬಾಯಿ ಬರದೆ ವೀರಬಸಮ್ಮ ಅದನ್ನು ಮನೆಗೆ ತಂದಳು. ಶನಿವಾರ ಮಧ್ಯಾಹ್ನ ಊಟದ ಟೇಬಲ್ಲಿನ ಮೇಲೆ ಬಿಚ್ಚಿಟ್ಟು, ಚಾಕು ಪಕ್ಕಕ್ಕಿಟ್ಟುಕೊಂಡು ಕೂತಳು. ಚಹಾ ಆರಿಹೋಯಿತು. ಶರಣಬಸಪ್ಪ ಎರಡು ಸಲ ಬಂದು ನೋಡಿದ.

“ಪುಸ್ತಕ ನಮ್ದಲ್ಲ, ಚರ್ಚೂ ನಮ್ದಲ್ಲ. ಆಕಿ ನಮಗ ಮಾಡಿದ್ದು ನೆನಸ್ಕೋ. ಒಂದು ಹಾಳಿ ತಗದ್ರ ಆಕಾಶೇನ ಹರ್ಕೊಂಡು ಬೀಳೂದಿಲ್ಲ,” ಅಂದ.

“ನೆನಪೈತ್ರಿ. ಅದಕ್ಕ ಕೈ ಬರವಲ್ದು,” ಅಂದಳು ಅವಳು. “ಇವತ್ತ ಆಕಿ ‘ಇದು ಕಳವಿನ ಮಾಲು ಅಂತ ನನಗ ಗೊತ್ತಿರಲಿಲ್ಲ’ ಅನ್ನಬಹುದು. ನಾ ಇದನ್ನ ಕೊಯ್ದೆ ಅಂದ್ರ, ಮತ್ತ ಆಕಿಗೆ ಆ ಮಾತು ಆಡಾಕ ಬರೂದಿಲ್ಲ.”

ಹಾಳೆ ಹಾಗೇ ಉಳಿಯಿತು. ಪುಸ್ತಕ ಹಿಂದಿರುಗಿಸಿ ಅದನ್ನೇ ಇಂಗ್ಲಿಷಿನಲ್ಲಿ ತೊದಲುತ್ತ ಹೇಳಿದಾಗ ಡಾಟಿಯ ಮುಖ ಬಿಳಿಚಿಕೊಂಡಿತು.

“ಹಾಗಾದರೆ ನನ್ನ ಜೋ ಕಳ್ಳ, ಅಷ್ಟೇ ತಾನೆ?”

ಉತ್ತರಕ್ಕೆ ಕಾಯದೆ ಬಾಗಿಲು ಹಾಕಿಕೊಂಡಳು. ಆ ಚಳಿಗಾಲವೆಲ್ಲ ಎರಡು ಮನೆಗಳ ನಡುವೆ ಮಾತಿಲ್ಲ. ಕಸದ ಡಬ್ಬಿ ಇಡಲು ಒಟ್ಟಿಗೆ ಹೊರಬಂದರೂ ಡಾಟಿ ಅತ್ತ ತಿರುಗುತ್ತಿದ್ದಳು. ವ್ಯಾಪಾರಿಯ ಕಾರು ಮಾತ್ರ ಮತ್ತೆ ಕಾಣಲಿಲ್ಲ. ತಾನು ಮಾಡಿದ್ದು ಸರಿ ಎಂದು ವೀರಬಸಮ್ಮನಿಗೆ ಗೊತ್ತಿತ್ತು. ಆದರೂ ಅಡುಗೆಮನೆಯಲ್ಲಿ ಒಬ್ಬಳೇ ಇದ್ದಾಗ ಕಣ್ಣು ತುಂಬುತ್ತಿತ್ತು.

ಮರುವರ್ಷ ಫೆಬ್ರುವರಿಯಲ್ಲಿ ಗ್ಯಾಸಿಗೆ, ಅಂದರೆ ಕಾರಿನ ಪೆಟ್ರೋಲಿಗೆ, ಬರ ಬಂತು. ಕಾರಿನ ನಂಬರು ಸಮವೋ ಬೆಸವೋ ನೋಡಿ ದಿನ ಬಿಟ್ಟು ದಿನ ಹಾಕುತ್ತಿದ್ದರು. ಆಂಬಾಯ್ ಅವೆನ್ಯೂ ಉದ್ದಕ್ಕೂ ಸಾಲುಗಟ್ಟಿ ನಿಂತ ಕಾರುಗಳಲ್ಲಿ ವೀರಬಸಮ್ಮನ ಮುಂದಿನದು ಡಾಟಿಯದೇ ಆಗಿತ್ತು. ಇದ್ದ ಹನಿ ಉಳಿಸಲು ಡಾಟಿ ಎಂಜಿನ್ ನಿಲ್ಲಿಸಿ, ಹೀಟರ್ ಇಲ್ಲದೆ ಮುದುಡಿ ಕೂತಿದ್ದಳು. ವೀರಬಸಮ್ಮ ಇಳಿದು ಹೋಗಿ ಅವಳ ಕಿಟಕಿ ತಟ್ಟಿ, ನನ್ನ ಕಾರು ಬೆಚ್ಚಗಿದೆ, ಬಾ ಎಂದಳು. ಡಾಟಿ ತನ್ನ ಕಾರಿನಿಂದ ಇಳಿದು ಬಂದಳು.

ಕಾರಿನೊಳಗೆ ಅವಳೇ ಮಾತು ತೆಗೆದಳು. ಜೋ ತನ್ನ ಪದಕಗಳನ್ನು ಬಂದವರಿಗೆಲ್ಲ ತೋರಿಸುತ್ತಿದ್ದನಂತೆ; ಪುಸ್ತಕವನ್ನು ಮಾತ್ರ ಯಾರಿಗೂ ತೋರಿಸಲಿಲ್ಲ. ಎಲ್ಲಿ ಸಿಕ್ಕಿತು ಎಂದು ಅವನು ಹೇಳಲಿಲ್ಲ, ಇವಳೂ ಕೇಳಲಿಲ್ಲ. “ಮಾರಿಬಿಟ್ಟರೆ ಇನ್ನು ಕೇಳಬೇಕಾಗಿಲ್ಲ ಅಂದುಕೊಂಡಿದ್ದೆ,” ಅಂದಳು.

“ಅವನೂ ಮಾರಲಿಲ್ಲ, ಡಾಟಿ. ಆ ಹಾಳೆ ಕೀಳಲೂ ಇಲ್ಲ,” ಅಂದಳು ವೀರಬಸಮ್ಮ. “ಎಲ್ಲಿಂದ ಬಂತು ಅಂತ ಹೇಳುವ ಹಾಳೆ ಅದೊಂದೇ.”

ಡಾಟಿ ಕೈಗವಸು ತೆಗೆದು ಮೂಗು ಒರೆಸಿಕೊಂಡಳು. ಹಿಂದಿನವನು ಹಾರ್ನ್ ಹೊಡೆದಾಗಲೇ ಸಾಲು ಮುಂದೆ ಸರಿದದ್ದು ಇಬ್ಬರಿಗೂ ಗೊತ್ತಾದದ್ದು.

ಕೆರಿಗನ್ ಆ ಊರಿನ ಚರ್ಚನ್ನು ಹುಡುಕಿ ಸುದ್ದಿ ಮುಟ್ಟಿಸಿದರು. ಬಾಂಬು ಬಿದ್ದು ಸುಟ್ಟಿದ್ದ ಚರ್ಚನ್ನು ಹೊಸದಾಗಿ ಕಟ್ಟಿದ್ದರು. ವಸಂತ ಬಂದ ಮೇಲೆ ವೀರಬಸಮ್ಮ ಪುಸ್ತಕಕ್ಕೆ ಅಳತೆಯ ಪೆಟ್ಟಿಗೆ ಮಾಡಿ, ಒಳಗೆ ಮೆತ್ತನೆಯ ಬಟ್ಟೆ ಹಾಕಿದಳು. ಮೆಟ್ರೋಪಾರ್ಕಿನಿಂದ ಟ್ರೈನ್ ಹಿಡಿದು ಇಬ್ಬರೂ ಅದನ್ನು ತೊಡೆಯ ಮೇಲೆ ಸರದಿಯಲ್ಲಿ ಇಟ್ಟುಕೊಂಡು ನ್ಯೂಯಾರ್ಕಿನ ಜರ್ಮನ್ ಕಾನ್ಸುಲೇಟಿಗೆ ಹೋದರು. ಪುಸ್ತಕ ತಂದಿದ್ದವನ ಹೆಸರು ಹೇಳಲೇಬೇಕೆಂದಿಲ್ಲ ಎಂದು ಅಲ್ಲಿನ ಅಧಿಕಾರಿ ಸೌಜನ್ಯದಿಂದ ತಿಳಿಸಿದ. ಡಾಟಿ ಗಂಡನ ಪೂರ್ತಿ ಹೆಸರನ್ನು ನಿಧಾನವಾಗಿ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು.

೧೯೭೬ರ ಬೇಸಿಗೆಯಲ್ಲಿ, ಫ್ಲೋರಿಡಾಕ್ಕೆ ಹೋಗುವುದನ್ನು ಮುಂದೂಡುತ್ತಲೇ ಇದ್ದ ಡಾಟಿ ಜರ್ಮನಿಯ ಆ ಊರಿಗೇ ಹೋಗಿಬಂದಳು. ವೀರಬಸಮ್ಮನ ಅಡುಗೆಮನೆಯಲ್ಲಿ ಕೂತು, ಅಲ್ಲಿಯ ಗಂಟೆ ಹೊಡೆಯುವ ಮುದುಕನ ವಿಷಯ ಹೇಳಿದಳು. ಯುದ್ಧದಲ್ಲಿ ಪುಸ್ತಕಗಳನ್ನು ನೆಲಮಾಳಿಗೆಗೆ ಹೊತ್ತವನು ಅವನೇ. ಸೈನಿಕರು ಕೆಲವನ್ನು ಎತ್ತಿಕೊಂಡು ಹೋದ ಮೇಲೆ ಬಾಂಬು ಬಿದ್ದು, ಅಲ್ಲಿ ಉಳಿದದ್ದೆಲ್ಲ ಬೂದಿಯಾಯಿತು. ಹೊರಗೆ ಹೋದದ್ದರಲ್ಲಿ ತಿರುಗಿ ಬಂದದ್ದು ಇದೊಂದೇ.

“ನಿನ್ನ ಗಂಡನಿಗೆ ಬೈಯಬೇಕೋ ಕೈ ಮುಗಿಯಬೇಕೋ ತಿಳಿಯದು ಅಂದ, ವೀರಾ. ನನಗೂ ತಿಳಿಯದು ಅಂದೆ. ಆಮೇಲೆ ಇಬ್ಬರೂ ಕೂತು ಬಿಯರ್ ಕುಡಿದೆವು.”

ವೀರಬಸಮ್ಮ ನಗುತ್ತ ಅವಳ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು.