ಹಳದಿ ಹೋಗುವವರೆಗೆ

ನಮ್ಮಕ್ಕ ಕಲ್ಲು ಅರೆಯುತ್ತಾಳೆ ಎಂದರೆ ಕೇಳಿದವರು ಅಡುಗೆಮನೆಯ ಕಡೆ ನೋಡುತ್ತಿದ್ದರು. ಅವಳು ಅರೆಯುತ್ತಿದ್ದದ್ದು ಸಂಶೋಧನಾಲಯದಲ್ಲಿ. ಬಂಡೆಯಿಂದ ಕೊಯ್ದ ಬಿಲ್ಲೆಯನ್ನು ಗಾಜಿನ ಪಟ್ಟಿಗೆ ಅಂಟಿಸಿ, ಸಾಣೆ ಪುಡಿ, ನೀರು ಹಾಕಿದ ದೊಡ್ಡ ಗಾಜಿನ ಹಲಗೆಯ ಮೇಲೆ ಸುತ್ತಿ ಸುತ್ತಿ ಉಜ್ಜುವುದು. ಎಷ್ಟು? ಕಲ್ಲಿನೊಳಗಿಂದ ಬೆಳಕು ಹಾಯುವಷ್ಟು ತೆಳ್ಳಗೆ! ಆ ಕಲ್ಲು ಭೂಮಿಯ ಒಳಗೆ ಎಷ್ಟು ಬಿಸಿ ಕಂಡಿದೆ, ಎಲ್ಲಿ ನಲುಗಿದೆ ಎಂದು ವಿಜ್ಞಾನಿಗಳು ಆಮೇಲೆ ಮೈಕ್ರೋಸ್ಕೋಪಿನಲ್ಲಿ ನೋಡುತ್ತಿದ್ದರು. ನಾನು ಅದೇ ಕಟ್ಟಡದ ಕೆಳಗಿನ ಕೋಣೆಯಲ್ಲಿ ಕಲ್ಲಿನ ಉಗ್ರಾಣ ನೋಡಿಕೊಳ್ಳುತ್ತಿದ್ದೆ. ಮನೆಯಲ್ಲೂ ಅವಳೇ, ಕೆಲಸದಲ್ಲೂ ಅವಳೇ. ನನ್ನ ಗ್ರಹಚಾರ!

ಅವಳ ಕೋಣೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಕಿಟಕಿ ಪಕ್ಕದ ತೊಟ್ಟಿ, ನಲ್ಲಿಗೆ ಸುತ್ತಿದ ಬಟ್ಟೆ, ಬೂದು ಕೆಸರು ಮೆತ್ತಿದ ಏಪ್ರನ್ನು. ಗಾಜಿನ ಮೇಲೆ ಕಲ್ಲು ಸರಿಯುವ ಸರ್ ಸರ್ ಸದ್ದಿಗೆ ನನಗೆ ಜೋಂಪು ಹತ್ತುತ್ತಿತ್ತು, ಬೈಸಿಕೊಂಡು ಏಳುತ್ತಿದ್ದೆ. ಆ ಬೈಗುಳವೂ ಈಗ ನೆನಪಾಗುತ್ತದೆ.

ಉಜ್ಜುವುದನ್ನು ಎಲ್ಲಿ ನಿಲ್ಲಿಸಬೇಕು ಎನ್ನುವುದೇ ಆ ಕೆಲಸದ ಮರ್ಮ. ಮೈಕ್ರೋಸ್ಕೋಪಿನ ಕೆಳಗೆ ಬೆಣಚುಕಲ್ಲಿನ ಹರಳು ಹಳದಿಯಾಗಿ ಕಂಡರೆ ಬಿಲ್ಲೆ ಇನ್ನೂ ದಪ್ಪ. ಹಳದಿ ಹೋಗಿ ಬೂದುಬಿಳಿ ಆಯಿತೋ, ಕೈ ಎತ್ತಬೇಕು. ಆಮೇಲೂ ಉಜ್ಜಿದರೆ ಕಲ್ಲು ಕೆಸರಾಗಿ ಹೋಗಿ ಬರಿಗಾಜು ಉಳಿಯುತ್ತದೆ.

ಆ ವರ್ಷ ಅಕ್ಕನ ಕೈಯಲ್ಲಿ ಬರಿಗಾಜು ಉಳಿಯತೊಡಗಿತು. ಪುಡಿ ಸರಿಯಿಲ್ಲ ಎಂದಳು ಮೊದಲು. ಆಮೇಲೆ ಅಂಟು ಸರಿಯಿಲ್ಲ. ಕೊನೆಗೆ ನಾನು ಕೊಟ್ಟ ಕಲ್ಲೇ ಸರಿಯಿಲ್ಲ! ನನಗೆ ಮೈಯೆಲ್ಲ ಉರಿದುಹೋಯಿತು.

ಅಷ್ಟರಲ್ಲಿ ಮುಖ್ಯಸ್ಥೆ ಮೇಡಂ ಒಂದು ಕಲ್ಲಿನ ಚೂರು ಕಳಿಸಿದರು. ತೀರಾ ಆಳದಿಂದ ಕೊರೆದು ತೆಗೆದದ್ದು. ಕೊರೆದ ಬಾವಿ ಕುಸಿದು ಮುಚ್ಚಿಹೋಗಿತ್ತು, ಅಂಥದ್ದು ಮತ್ತೆ ಸಿಗುವಂತಿರಲಿಲ್ಲ. ಅದರಿಂದ ಎರಡು ಬಿಲ್ಲೆ ಮಾತ್ರ ಬಂದವು. ಒಂದನ್ನು ಅಕ್ಕ ಉಜ್ಜಿ ಉಜ್ಜಿ ಇಲ್ಲವಾಗಿಸಿದಳು.

ನಾನು ಹೋದಾಗ ಎರಡನೆಯದನ್ನು ಉಜ್ಜುತ್ತ ನಡುವೆ ನಿಲ್ಲಿಸಿ ಸ್ಟೂಲಿನ ಮೇಲೆ ಕೂತಿದ್ದಳು. ಮುಖ ಇಷ್ಟೇ ಇಷ್ಟಾಗಿತ್ತು.

"ಬಾಗಿಲು ಹಾಕ್ಕೊಂಡು ಬಾ. ಇದನ್ನ ನೋಡಿ ಹೇಳು, ಹರಳು ಯಾವ ಬಣ್ಣ?"

ಮೈಕ್ರೋಸ್ಕೋಪಿಗೆ ಕಣ್ಣಿಟ್ಟೆ. "ಬೂದು. ಬೆಳ್ಳಗೆ ಬೂದು."

"ಸರಿಯಾಗಿ ನೋಡೇ! ಹಳದಿ ಇಲ್ವಾ?"

"ಒಂದು ಚೂರೂ ಇಲ್ಲ ಅಕ್ಕ."

ನನ್ನನ್ನು ಪಕ್ಕಕ್ಕೆ ತಳ್ಳಿ ತಾನೇ ನೋಡಿದಳು. "ನನಗೆ ಹಳದಿ ಕಾಣ್ತಿದೆ," ಎಂದು ಬಿಲ್ಲೆ ಎತ್ತಿಕೊಂಡು ಮತ್ತೆ ಹಲಗೆಯ ಕಡೆ ಹೊರಟಳು. ಗಬಕ್ಕನೆ ಅವಳ ಮಣಿಕಟ್ಟು ಹಿಡಿದೆ.

"ಹಟ ಮಾಡ್ಬೇಡ. ನಿನ್ನ ಕಣ್ಣಿಗೆ ಏನೋ ಆಗಿದೆ."

ಅವಳು ಕೈ ಬಿಡಿಸಿಕೊಳ್ಳಲಿಲ್ಲ. "ಬೆಳಿಗ್ಗೆ ಹಾಲೂ ಹಳದಿ ಕಾಣ್ತು ಕಣೇ. ಪೊರೆ ಬಂದಿರ್ಬೇಕು. ಗೊತ್ತಾದ್ರೆ ನನ್ನನ್ನ ಮನೆಗೆ ಕಳಿಸ್ತಾರೆ. ಇದು ಬಿಟ್ರೆ ನನಗೆ ಬೇರೆ ಏನಿದೆ ಹೇಳು?"

"ಮೊದಲು ಮೇಡಂಗೆ ಹೇಳೋಣ," ಎಂದೆ. ಯಾವತ್ತೂ ನನ್ನ ಮಾತು ಕಿವಿಗೆ ಹಾಕಿಕೊಳ್ಳದವಳು ಆ ಬಿಲ್ಲೆಯನ್ನು ತೊಳೆದು ಒರೆಸಿದಳು. ನನ್ನನ್ನು ಎಳೆದುಕೊಂಡು ಹೋಗಿ ಅದನ್ನು ಮೇಡಂ ಮೇಜಿನ ಮೇಲಿಟ್ಟಳು.

"ಉಜ್ಜಿದ್ದು ನಾನು, ನೋಡಿದ್ದು ಇವಳು. ನನಗೆ ಬಣ್ಣ ಸರಿಯಾಗಿ ಕಾಣ್ತಿಲ್ಲ ಮೇಡಂ."

ಮೇಡಂ ಬಹಳ ಹೊತ್ತು ಮೈಕ್ರೋಸ್ಕೋಪಿನಲ್ಲಿ ನೋಡಿದರು.

"ಚೆನ್ನಾಗಿ ಬಂದಿದೆ. ಹೋಗಿ ಆಪರೇಷನ್ ಮಾಡಿಸ್ಕೊಳ್ಳಿ. ಅಲ್ಲೀವರೆಗೆ ನೀವು ಉಜ್ಜಿ, ನಿಮ್ಮ ತಂಗಿ ನೋಡ್ಲಿ."

ಸದ್ಯ! ಹೊರಗೆ ಬಂದು ಅಕ್ಕ ಏಪ್ರನ್ನಿನಲ್ಲೇ ಮುಖ ಒರೆಸಿಕೊಂಡಳು, ಕೆನ್ನೆಗೆಲ್ಲ ಕೆಸರು ಮೆತ್ತಿಕೊಂಡಿತು. ಇಬ್ಬರೂ ನಕ್ಕೆವು.

ಆಪರೇಷನ್ ಆಗಿ ಮತ್ತೆ ಕೆಲಸಕ್ಕೆ ಕೂತ ದಿನ ಅವಳಿಗೆ ಬೂದು ಬೂದಾಗಿಯೇ ಕಂಡಿತು. ನಾನು ಕೆಳಗೆ ಹೊರಟಿದ್ದೆ, ಕೂಗಿದಳು.

"ಬಾರೇ, ಒಂದ್ಸಲ ನೋಡು."

"ಈಗ ನಿನಗೇ ಕಾಣುತ್ತಲ್ಲ!"

"ಕಾಣುತ್ತೆ. ಆದ್ರೂ ನೋಡು."

ಕೆಲಸ ಬಿಡುವ ತನಕ ಒಂದು ಬಿಲ್ಲೆಯನ್ನೂ ನನಗೆ ತೋರಿಸದೆ ಕೆಳಗಿಡಲಿಲ್ಲ. ಪ್ರತಿ ಸಲವೂ ಮೆಟ್ಟಿಲು ಹತ್ತಿಸುತ್ತಾಳೆ ಎಂದು ಗೊಣಗುತ್ತಲೇ ಹೋಗುತ್ತಿದ್ದೆ. ಅವಳು ತೀರಿಕೊಂಡ ಮೇಲೆ ಬಾರೇ ನೋಡು ಎಂದು ನನ್ನನ್ನು ಯಾರೂ ಕರೆದಿಲ್ಲ.