ಎರಡು ನುಡಿ ನೀರು, ಮೂರು ಆಟ

ಸಾಯಬಣ್ಣ ಮಾಸ್ತರು ಕಾಲುವೆಯ ಗೇಟು ಎತ್ತುವಾಗ ಸುತ್ತು ಎಣಿಸುತ್ತಿರಲಿಲ್ಲ, ಹಾಡುತ್ತಿದ್ದರು. ಎರಡೂ ಕೈಯಲ್ಲಿ ಕಬ್ಬಿಣದ ಹ್ಯಾಂಡಲ್ ಹಿಡಿದು ತಿರುಗಿಸುತ್ತ ದೊಡ್ಡಾಟದ ಪದದ ಒಂದು ನುಡಿ ಮುಗಿಸಿದರೆ ಗೇಟು ಗೇಣುದ್ದ ಮೇಲೆ ಬಂದಿರುತ್ತಿತ್ತು. ಅದಕ್ಕೇ ರೈತರು, "ಮಾಸ್ತರ, ಇವತ್ತ ನಮಗ ಎರಡು ನುಡಿ ನೀರು ಬಿಡ್ರಿ" ಎಂದೇ ಕೇಳುತ್ತಿದ್ದರು. ಸರಕಾರದ ಯಾವ ಪುಸ್ತಕದಲ್ಲೂ ಈ ಅಳತೆ ಇರಲಿಕ್ಕಿಲ್ಲ.

ಊರು ಇರುವುದು ಶಹಾಪುರ ಮತ್ತು ಸುರಪುರದ ನಡುವೆ. ನಾನು ಅಲ್ಲಿನ ಶಾಲೆಗೆ ಶಿಕ್ಷಕಿಯಾಗಿ ಬಂದಾಗ ಕಾಲುವೆಗೆ ನೀರು ಬಂದು ನಾಲ್ಕೈದು ವರ್ಷವಾಗಿತ್ತು. ಜೋಳದ ಎರಿಹೊಲದಲ್ಲಿ ಈಗ ಭತ್ತ ನಿಂತಿತ್ತು. ಎರಡು ಬೆಳೆಯ ಗಡಿಬಿಡಿಯಲ್ಲಿ ಊರಿನ ನಾಟಕ ನಿಂತೇ ಹೋಗುತ್ತಿತ್ತು. ಅದನ್ನು ಉಳಿಸಿದವರು ಗೇಟಿನ ನೌಕರಿಯ ಈ ಮನುಷ್ಯ; ನಾಟಕ ಕಲಿಸುತ್ತಿದ್ದರೆಂದೇ ಊರಿಗೆ ಮಾಸ್ತರು. ನೀರು ಎಂದು ಬಂದ್ ಆಗುತ್ತದೆ, ಜನಕ್ಕೆ ಎಂದು ಬಿಡುವು ಸಿಗುತ್ತದೆ ಎಂಬುದು ಅವರಿಗೇ ಮೊದಲು ಗೊತ್ತು. ಸಂಕ್ರಾಂತಿಯ ಮರುದಿನ ಶಾಲೆಯ ಕಟ್ಟೆಯ ಮೇಲೆ ಹಾರ್ಮೋನಿಯಂ ಪೇಟಿ ಇಟ್ಟುಕೊಂಡು ಆ ವರ್ಷದ ಆಟಗಳನ್ನು ಸಾರುತ್ತಿದ್ದರು. ಎರಡು ಸಾಮಾಜಿಕ ನಾಟಕ, ಒಂದು ದೊಡ್ಡಾಟ. ಅದರಲ್ಲಂತೂ ಮಾತಿಗಿಂತ ಹಾಡೇ ಹೆಚ್ಚು. ಪಾರ್ಟು ಹಂಚುವುದೂ ಅಂದೇ. ಪುಸ್ತಕ ಹಿಡಿದು ಪರದೆಯ ಮರೆಯಲ್ಲಿ ನಿಂತು ಮಾತು ಎತ್ತಿಕೊಡುವ ಕೆಲಸ ನನಗೆ ಬಂತು.

"ಅಕ್ಕೋರ, ಹುಡುಗರಿಗೆ ಬೈದು ಬೈದು ನಿಮ್ಮ ದನಿ ಗಟ್ಟಿ ಆಗ್ಯದ. ನೀವ ಬರ್ರಿ" ಅಂದಿದ್ದರು. ಹೊಗಳಿದರೋ ಆಡಿಕೊಂಡರೋ, ನಾನಂತೂ ಹಿಗ್ಗಿಹೋದೆ.

ಒಂದು ವರ್ಷ ಪಾರ್ಟು ಹಂಚುವ ದಿನ ಕಟ್ಟೆಯ ಮುಂದೆ ಕಾಲಿಡಲು ಜಾಗವಿಲ್ಲ. ನಾಟಕದ ಕಡೆ ಎಂದೂ ತಲೆ ಹಾಕದವರೂ ಗಡ್ಡ ಬೋಳಿಸಿಕೊಂಡು ಬಂದಿದ್ದರು. ಮಾಸ್ತರ ಹತ್ತಿರ ಪಾರ್ಟು ತಗೊಂಡವರ ಹೊಲಕ್ಕೆ ಮೊದಲು ನೀರು ಬರುತ್ತದೆ ಎಂದು ಯಾರೋ ಹಬ್ಬಿಸಿದ್ದರಂತೆ. ಅಯ್ಯೋ ದೇವರೇ, ಹಲ್ಲಿಲ್ಲದ ಮುದುಕರೊಬ್ಬರು ನಾಯಕಿಯ ಪಾರ್ಟಾದರೂ ನಡೀತದ ಅಂದರು! ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಮಾಸ್ತರು ಮಾತ್ರ ಪೇಟಿ ಮುಚ್ಚಿದರು.

"ಕೇಳ್ರಿ ಇಲ್ಲಿ. ನೀರು ಸರಕಾರದ್ದು, ಆಟ ಊರಂದು. ಎರಡೂ ನನ್ನ ಕೈಯಾಗ ಅದಾವ ಅಂತ ಎರಡೂ ಒಂದ ಅಲ್ಲ. ನೀರಿನ ಸಲುವಾಗಿ ಬಂದವರು ಎದ್ದು ಹೋಗ್ರಿ. ಯಾರಂತ ನಾ ನೋಡಂಗಿಲ್ಲ."

ಹಾಗೆಂದು ಗೋಡೆಯ ಕಡೆ ಮುಖ ಮಾಡಿ ಕೂತರು. ತಿರುಗಿದಾಗ ಹನ್ನೊಂದು ಜನ ಉಳಿದಿದ್ದರು. "ಸಾಕು ಬಿಡ್ರಿ. ಸೈನ್ಯ ಸಣ್ಣದಾತು, ಅಷ್ಟ" ಅಂದರು.

ಆ ಹನ್ನೊಂದರಲ್ಲಿ ದೊಡ್ಡಾಟದ ರಾಜ ಮಲ್ಕಪ್ಪ. ಒಳ್ಳೇ ಆಳು, ಕಂಚಿನ ಕಂಠ. ಅವನ ಹೊಲ ಕಾಲುವೆಯ ಮೇಲ್ತುದಿಗೆ. ಮಂತ್ರಿ ಭೀಮರಾಯ, ಅವನದು ತೀರ ಕೊನೆಯ ಹೊಲ. ತಾಲೀಮಿನಲ್ಲಿ ಭೀಮರಾಯ ದಿನವೂ ಮಾತು ತಪ್ಪತೊಡಗಿದ.

"ಎಲ್ಲಿ ಅದನೋ ನಿನ್ನ ಲಕ್ಷ್ಯ? ಏನು ವಿಚಾರ ಮಾಡಾಕತ್ತಿ?" ಎಂದು ಮಾಸ್ತರು ಕೇಳಿದರು.

"ನನ್ನ ಪಾಳಿ ಬಂದು ಎಂಟು ದಿನ ಆತ್ರಿ. ಹೊಲಕ್ಕ ಹನಿ ನೀರು ಬಂದಿಲ್ಲ. ಭತ್ತ ತೆನಿ ಕಟ್ಟೂ ಹೊತ್ತು" ಅಂದ ಅವನು.

ಮರುದಿನ ಬೆಳಿಗ್ಗೆ ಮಾಸ್ತರು ಕಾಲುವೆಗುಂಟ ನಡೆದುಹೋದರು. ಮಲ್ಕಪ್ಪನ ಹೊಲದ ಹತ್ತಿರ ದಂಡೆಯಲ್ಲಿ ಕದ್ದು ಹೂತ ಪೈಪು ಸಿಕ್ಕಿತು. ಕಿತ್ತು ತಂದು ಸಂಜೆ ತಾಲೀಮಿನಲ್ಲಿ ಅವನೆದುರಿಗೇ ಇಟ್ಟರು.

"ಆಟದಾಗ ರಾಜ ಆಗಪ್ಪ. ಕಾಲುವಿ ಮ್ಯಾಲ ಆಗಬ್ಯಾಡ."

"ನಾಕು ಮಂದ್ಯಾಗ ನನ್ನ ಇಜ್ಜತ್ ತೆಗದ್ರಿ ಮಾಸ್ತರ! ನಾ ಇಲ್ಲದ ಆಟ ಹೆಂಗ ಆಗತದ ನೋಡೇ ಬಿಡ್ತೀನಿ" ಎಂದು ಮಲ್ಕಪ್ಪ ಎದ್ದು ಹೋದ. ಮಾಸ್ತರು ಅವನ ಪಾರ್ಟು ಬಿಟ್ಟು ಉಳಿದದ್ದನ್ನೆಲ್ಲ ಅಂದೂ ತಾಲೀಮು ಮಾಡಿಸಿದರು. ಭೀಮರಾಯನ ಭತ್ತಕ್ಕೆ ನೀರು ಹರಿಯಿತು, ಮಾತೂ ನೆಟ್ಟಗಾಯಿತು.

ಹದಿನೈದು ದಿನಕ್ಕೆ ಮಾಸ್ತರಿಗೆ ವಡಗೇರಾ ಕಡೆಗೆ ವರ್ಗಾವಣೆಯ ಹುಕುಂ ಬಂತು. ನಾಟಕದವರಿಗೇ ನೀರು ಬಿಡುತ್ತಾರೆಂದು ಮಲ್ಕಪ್ಪ ಅರ್ಜಿ ಹಾಕಿದ್ದ.

"ಈ ವರ್ಷ ಆಟಾನೇ ಬ್ಯಾಡ್ರಿ ಮಾಸ್ತರ. ನೀವಿಲ್ಲದ ಎಂಥಾ ಆಟ?" ಅಂದೆ, ಅವರು ಬಸ್ಸಿಗೆ ಕಾಯುತ್ತಿದ್ದಾಗ.

"ಹಂಗ ಅನಬ್ಯಾಡ್ರಿ ಅಕ್ಕೋರ. ಊರ ಮುಂದ ಸಾರೀವಿ. ಮೂರು ಅಂದ್ರ ಮೂರು ಆಗಬೇಕು. ಪೇಟಿ ಬಿಟ್ಟು ಹೊಂಟೀನಿ, ನಿಮ್ಮ ಹೆಡ್‌ಮಾಸ್ತರಿಗೆ ಬಾರಿಸಾಕ ಬರ್ತದ." ಬಸ್ಸು ಬಂತು. ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿದರು. "ರಾಜನ ಪಾರ್ಟು ಮಲ್ಕಪ್ಪಗ ಕೊಡ್ರಿ."

"ನಿಮ್ಮನ್ನ ಊರು ಬಿಡಿಸಿದವಗ?"

"ಅದು ನೀರಿನ ಜಗಳ. ಆ ಪಾರ್ಟು ಅವನಷ್ಟು ಛಲೋ ಮಾಡಾವ ಈ ಸೀಮ್ಯಾಗ ಯಾರದಾರ ಹೇಳ್ರಿ? ನೀವ ಹೋಗಿ ಕರೀರಿ. ನಾ ಹೇಳೀನಿ ಅನ್ರಿ."

ಹಲ್ಲು ಕಚ್ಚಿಕೊಂಡು ಹೋದೆ. ಅವನ ಬಾಗಿಲಲ್ಲೇ ನಿಂತು ಹೇಳಿದೆ. ಮರುದಿನ ಮಲ್ಕಪ್ಪ ತಾಲೀಮಿಗೆ ಎಲ್ಲರಿಗಿಂತ ಮೊದಲು ಬಂದು ಕೂತಿದ್ದ.

ಮೂರೂ ಆಟ ಆದವು. ಮಾಸ್ತರು ಬರಲಿಲ್ಲ; ಅವರ ಕಡೆ ನೀರು ಇನ್ನೂ ಬಂದ್ ಆಗಿರಲಿಲ್ಲವಂತೆ. ಮತ್ತೆ ಅವರ ಭೇಟಿಯೇ ಆಗಲಿಲ್ಲ, ಎರಡು ವರ್ಷಕ್ಕೆ ತೀರಿಕೊಂಡ ಸುದ್ದಿ ಬಂತು.

ಆ ವರ್ಷದ ದೊಡ್ಡಾಟದ ದಿನ, ರಾಜ ಸಭೆಯಲ್ಲಿ ನ್ಯಾಯ ಹೇಳುವ ಜಾಗದಲ್ಲಿ ಮಲ್ಕಪ್ಪ ಗಪ್ಪನೆ ನಿಂತುಬಿಟ್ಟ. ತುಟಿ ಅಲುಗುತ್ತಿದೆ, ಮಾತಿಲ್ಲ. ಜನ ಕಾಯುತ್ತಿದ್ದರು. ಪುಸ್ತಕ ನನ್ನ ಕೈಯಲ್ಲಿತ್ತು. ಖರೇ ಹೇಳುತ್ತೇನೆ, ನಿಲ್ಲಲಿ ಹೀಗೇ, ಊರೆಲ್ಲ ನೋಡಲಿ ಅನ್ನಿಸಿತು. ಆಮೇಲೆ ಪರದೆಯ ಹತ್ತಿರ ಸರಿದು ಅವನ ಮಾತನ್ನು ಎತ್ತಿಕೊಟ್ಟೆ.