ಓರೆಸ್ಟನ ಕುತ್ತಿಗೆ ಕೂಗಿದ ಸವಾಲು

ಸಸ್ಕಾಚೆವಾನಿನ ದನದ ಹರಾಜಿನಲ್ಲಿ ಬಾಯಿ ಇರುವುದು ಕೂಗುವವನಿಗೆ ಮಾತ್ರ. ಕೊಳ್ಳುವವರು ಹುಬ್ಬು ಹಾರಿಸುತ್ತಾರೆ, ಟೋಪಿ ಮುಟ್ಟುತ್ತಾರೆ, ಅಷ್ಟೇ. ಈ ವ್ಯಾಪಾರದಲ್ಲಿ ಓರೆಸ್ಟ್ ಪಾವ್ಲಿಚುಕ್ ಮೂವತ್ತು ವರ್ಷ ಕೂತಲ್ಲಿಂದ ಕದಲದೆ ಬದುಕಿದ. ದೂರದ ರೈತರು ಫೋನಿನಲ್ಲಿ ಹೇಳಿದ ದನವನ್ನು ಅವರ ಪರವಾಗಿ ಹಿಡಿದುಕೊಡುವುದು ಅವನ ಕಸುಬು. ಬೇಲಿಗೂಟ ಎಂದೇ ಅವನನ್ನು ಕರೆಯುತ್ತಿದ್ದರು. ಗೂಟ ಕೂದಲೆಳೆಯಷ್ಟು ತಲೆ ಬಾಗಿಸಿದರೆ ಅದು ದರ ಏರಿಸುವ ಸವಾಲು.

ಆಮೇಲೆ ಪಾರ್ಕಿನ್‌ಸನ್ ಬಂತು. ಕಾಯಿಲೆ ಅವನನ್ನು ನಿಜವಾಗಿಯೂ ಗೂಟ ಮಾಡಿತು. ಲೆವೊಡೋಪಾ ಗುಳಿಗೆ ಅವನ ಮೈಯನ್ನು ಸಡಿಲಿಸಿತು. ವರ್ಷ ಕಳೆದಂತೆ ವಿಪರೀತ ಸಡಿಲಿಸಿತು. ನುಂಗದಿದ್ದರೆ ಮೈ ಮರಗಟ್ಟುತ್ತಿತ್ತು, ನುಂಗಿದರೆ ಕುತ್ತಿಗೆ ತನ್ನಷ್ಟಕ್ಕೆ ತೂಗುತ್ತಿತ್ತು. ಹೀಗೆ ತೂಗುತ್ತ ತೂಗುತ್ತ ಒಂದು ಮಂಗಳವಾರ ಅದು ಯಾರಿಗೂ ಬೇಡದ ಒಂದು ಹಿಂಡು ಆಡುಗಳನ್ನು ಕೊಂಡುಬಿಟ್ಟಿತು.

“ಹುಲ್ಲು ಹಾಕೋಕೂ ಆ ಕುತ್ತಿಗೇನೇ ಕಳ್ಸು,” ಎಂದಳು ಹೆಂಡತಿ ಸ್ಟೆಫಾನಿಯಾ.

ಹರಾಜು ಕೂಗುವ ಮರ್ವಿನ್ ನಗಲಿಲ್ಲ. “ನಿನ್ನ ನಂಬ್ಲೋ, ನಿನ್ನ ತಲೆ ನಂಬ್ಲೋ? ಹೋರಿ ಹರಾಜಿನ ಹೊತ್ತಿಗೆ ಇದು ಸರಿಹೋಗ್ಲಿಲ್ಲ ಅಂದ್ರೆ ನಿನ್ನ ಜಾಗ ಇನ್ನೊಬ್ರಿಗೆ ಕಣಯ್ಯಾ. ಬೇಜಾರು ಮಾಡ್ಕೋಬೇಡ.”

ಮುಂದಿನ ಸಾಲಿನ ಆ ಕುರ್ಚಿ ಹೋದರೆ ಕಸುಬೇ ಹೋದಂತೆ. ದನ ನಿಲ್ಲಿಸುವ ಅಂಕಣದ ಆಚೆ ಕೂರುವ ಹಳೆಯ ಪೈಪೋಟಿಗಾರ ಲೈಲ್ ಆಗಲೇ “ಹಾಲು ಕರೆದ್ಯೇನೋ, ಆಡಿನ ಸಾಹುಕಾರ?” ಎಂದು ಶುರುಮಾಡಿದ್ದ.

ಓರೆಸ್ಟ್ ಸಸ್ಕಟೂನ್ ನಗರಕ್ಕೆ ಹೋದ. ಅಲ್ಲಿನ ಆಸ್ಪತ್ರೆಯಲ್ಲಿ ಚಲನೆ ಅಳೆಯುವ ಇನೆಸ್ ಎಂಬಾಕೆ ಅವನ ಕುತ್ತಿಗೆ, ಮುಂಗೈ, ಹೆಬ್ಬೆರಳಿನ ಬುಡಕ್ಕೆಲ್ಲ ತಂತಿ ಅಂಟಿಸಿದಳು. ತಲೆಗೂ ಮಣಿಕಟ್ಟಿಗೂ ಬೆಂಕಿಪೊಟ್ಟಣದಂಥ ಮಾಪಕ ಕಟ್ಟಿದಳು. ಸ್ನಾಯು ಎಳೆದಾಗಲೆಲ್ಲ ಪರದೆಯ ಮೇಲಿನ ಗೆರೆ ಪೊದೆಯಂತೆ ಕೆದರಿ ನಿಲ್ಲುತ್ತಿತ್ತು. ಗುಳಿಗೆಗೆ ಮುಂಚೆ ಅಳೆದಳು, ನುಂಗಿಸಿ ಅಳೆದಳು.

“ಈಗ ನೂರರಿಂದ ಏಳೇಳು ಕಳೀತಾ ಬನ್ನಿ.”

“ದನದ ದರದಲ್ಲಿ ಕೇಳಮ್ಮ, ಬೇಗ ಬರುತ್ತೆ.”

ಇನೆಸ್ ದರ ಕೂಗಿದಳು. ಕುತ್ತಿಗೆಯ ಗೆರೆ ಹುಚ್ಚೆದ್ದು ಕುಣಿಯಿತು, ಬಲಗೈಯದೂ ಜೊತೆಗೂಡಿತು.

“ನೋಡಿ, ಲೆಕ್ಕ ಹಾಕುವಾಗ ಜಾಸ್ತಿ. ನುಂಗಿ ಒಂದು ಗಂಟೆ ಆದ್ಮೇಲಂತೂ ತುತ್ತತುದಿ.”

“ಅಯ್ಯೋ, ನೆಟ್ಟಗೆ ಕೂರೋಣ ಅಂತ ಹರಾಜಿಗೆ ಒಂದು ಗಂಟೆ ಮುಂಚೇನೇ ನುಂಗಿ ಹೋಗ್ತಿದ್ದೆ!” ಓರೆಸ್ಟ್ ಪರದೆಯನ್ನು ದನ ನೋಡುವಂತೆ ಮೇಲಿಂದ ಕೆಳಗೆ ನೋಡಿದ. “ಆ ಕೆಳಗಿನ ಗೆರೆ ಯಾವುದು? ಮಲಗೇ ಇದೆ?”

“ನಿಮ್ಮ ಎಡ ಹೆಬ್ಬೆರಳು. ನೀವು ಹೇಳಿದ್ರೆ ಮಾತ್ರ ಏಳುತ್ತೆ.”

“ನಮ್ಮನೇಲಿ ನನ್ನ ಮಾತು ಕೇಳೋದು ಅದೊಂದೇ ಅನ್ನು.”

ವೈದ್ಯರು ಗೆರೆಗಳನ್ನು ನೋಡಿ, ಗುಳಿಗೆಯನ್ನು ಚಿಕ್ಕದು ಮಾಡಿ ಹೆಚ್ಚು ಸಲಕ್ಕೆ ಹಂಚಿದರು. ಕುಣಿತ ಪೂರ್ತಿ ಹೋಗಲಿಲ್ಲ, ತಗ್ಗಿತು. ಉಳಿದದ್ದನ್ನು ಓರೆಸ್ಟ್ ಮರ್ವಿನ್ ಜೊತೆ ಕಾಫಿ ಕುಡಿಯುತ್ತ ಮುಗಿಸಿದ: “ನನ್ನ ತಲೆ ಏನೇ ಹೇಳ್ಲಿ, ಕಿವಿಗೆ ಹಾಕ್ಕೋಬೇಡ. ತೊಡೆ ಮೇಲೆ ಈ ಎಡ ಹೆಬ್ಬೆರಳು ಎದ್ರೆ ಮಾತ್ರ ಅದು ನಾನು.” ಮರ್ವಿನ್ ಅಲ್ಲೇ ದರ ಕೂಗಿ ಪರೀಕ್ಷಿಸಿದ. ತಲೆ ತೂಗಿತು, ಬೆರಳು ಮಿಸುಕಲಿಲ್ಲ.

ಹೋರಿ ಹರಾಜಿನ ದಿನ ಅಂಕಣಕ್ಕೆ ಒಂದು ಕೆಂಪು ಹೋರಿ ಬಂತು. ಓರೆಸ್ಟನ ರೈತನಿಗೆ ಅದೇ ಬೇಕಿತ್ತು, ಲೈಲನಿಗೂ. ಲೈಲ್ ಎಂದಿನಂತೆ ಓರೆಸ್ಟನ ತಲೆಯ ಮೇಲೇ ಕಣ್ಣಿಟ್ಟ. ಅದು ಮೆಲ್ಲಗೆ ತೂಗುತ್ತಿತ್ತು. ಮರ್ವಿನ್ ಅತ್ತ ಗಮನವನ್ನೇ ಕೊಡಲಿಲ್ಲ. ಗೂಟ ಕಿತ್ತುಬಂತು ಎಂದು ಲೈಲ್ ಹಿಗ್ಗಿದ. ಆದರೆ ಅವನು ಸವಾಲು ಹಾಕಿದಷ್ಟೂ ದರ ಇನ್ನೊಂದು ಮೆಟ್ಟಿಲು ಹತ್ತಿತು. ಯಾರಪ್ಪ ಇದು? ಹಿಂದೆ ನೋಡಿದ, ಮೇಲಿನ ಸಾಲು ನೋಡಿದ, ಬಾಗಿಲ ಕಡೆ ನೋಡಿದ. ಒಂದು ಟೋಪಿಯೂ ಅಲುಗಿರಲಿಲ್ಲ. ಎದುರಾಳಿ ಕಂಡರೆ ಅವನ ಜೇಬಿನ ಆಳ ಊಹಿಸಬಹುದು, ಕಾಣದವನದನ್ನು ಹೇಗೆ ಊಹಿಸುವುದು? ಲೈಲ್ ಕೈಕಟ್ಟಿದ. ಸುತ್ತಿಗೆ ಬಿತ್ತು.

“ಯಾರಿಗೆ ಹೋಯ್ತೋ ಅದು?” ಎಂದ ಲೈಲ್.

“ಓರೆಸ್ಟ್ ಪಾವ್ಲಿಚುಕ್‌ಗೆ!”

“ಸುಳ್ಳು! ಅವನ ತಲೇನೇ ನೋಡ್ತಾ ಕೂತಿದ್ದೆ!”

“ಅದಕ್ಕೇ ಕಣೋ ನಂಗೆ ಸಿಕ್ಕಿದ್ದು!” ಎಂದು ಓರೆಸ್ಟ್ ಎದ್ದು ನಿಂತ. ಇಡೀ ಕಟ್ಟಡ ಹೋ ಎಂದು ನಕ್ಕಿತು. ಅವನ ಕುತ್ತಿಗೆ ಎಡಕ್ಕೂ ಬಲಕ್ಕೂ ವಾಲಿ, ಗೆದ್ದ ಪೈಲ್ವಾನನಂತೆ, ಎಲ್ಲರ ನಮಸ್ಕಾರ ಸ್ವೀಕರಿಸಿತು.

ಮರ್ವಿನ್ ಕೂಗುವ ಕಟ್ಟೆಯ ಮೇಲಿಂದ ಬಗ್ಗಿದ. “ಕುರ್ಚಿ ನಿಂದೇ ಕಣಯ್ಯಾ. ದಿಂಬು ಹಾಕ್ಸಲಾ?”

“ದಿಂಬು ಯಾಕೆ? ಎಡಗಡೆ ಒಂದು ದೀಪ ಹಾಕ್ಸು, ನಿಂಗೆ ಹೆಬ್ಬೆರಳು ಕಾಣ್ಲಿ.”